ಒಡೆದ ಮಹಾಪಧಮನಿಯುಬ್ಬಿನ ಎರಡು ಶಸ್ತ್ರಚಿಕಿತ್ಸೆಗಳು: ಒಂದು ತುಲನೆಯ ವಿಮರ್ಶೆ

೧

ಎರಡು ವಸ್ತುಗಳನ್ನು ಹೋಲಿಸಿ ಇದು ಮೇಲು, ಅದು ಕೀಳು ಎಂದು ನಿರ್ಣಯಿಸುವುದು ಮೇಲ್ನೋಟಕ್ಕೆ ಸುಲಭವಾದ ಕಾರ್ಯ. ಆದರೆ ಹೋಲಿಕೆಗೆ ತೊಡಗುವ ಮೊದಲು, ಯಾರನ್ನು ಯಾರೊಡನೆ ಹೋಲಿಸುತ್ತಿದ್ದೇವೆ, ಯಾವ ಕಾಲದಿಂದ ಯಾವ ಕಾಲದವರೆಗೆ ಹೋಲಿಸುತ್ತಿದ್ದೇವೆ, ಯಾವ ಅಳತೆಗೋಲಿನಿಂದ ಹೋಲಿಸುತ್ತಿದ್ದೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳದಿದ್ದರೆ, ತಕ್ಕಡಿಯ ದೋಷವೇ ಪದಾರ್ಥದ ತೂಕವೆಂದು ಸಾರಲ್ಪಡುವ ಅಪಾಯವುಂಟು. ಪ್ರಕೃತ ಲೇಖನದಲ್ಲಿ ಈ ಮಾತನ್ನು ವೈದ್ಯಶಾಸ್ತ್ರದ ಒಂದು ನಿದರ್ಶನದ ಮೂಲಕ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಚಿಕಿತ್ಸೆಯ ವಿಷಯದಲ್ಲಿ ಸಲಹೆ ನೀಡುವುದು ನಮ್ಮ ಗುರಿಯಲ್ಲ. ಪ್ರಕಟವಾಗಿರುವ ಸಾಕ್ಷ್ಯಗಳನ್ನು ಓದುವ ಕ್ರಮ ಯಾವುದೆಂಬುದನ್ನು ವಿಮರ್ಶಿಸುವುದಷ್ಟೇ ಗುರಿ. ನಾವು ಆರಿಸಿಕೊಂಡಿರುವ ನಿದರ್ಶನದಲ್ಲಿ ತಪ್ಪು ಓದಿಗೆ ತೆರಬೇಕಾದ ಬೆಲೆ ಮನುಷ್ಯರ ಪ್ರಾಣವಾದ್ದರಿಂದ ಈ ವಿಮರ್ಶೆ ಕೇವಲ ತರ್ಕವಿನೋದವಾಗಲಾರದು.

ಹೃದಯದಿಂದ ಹೊರಟ ಮಹಾಪಧಮನಿಯು ಎದೆಗೂಡನ್ನು ದಾಟಿ, ಬೆನ್ನುಮೂಳೆಗೆ ಒರಗಿಕೊಂಡಂತೆ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಅಲ್ಲಿ ಅದರ ಸಹಜವಾದ ಅಡ್ಡಳತೆ ಸುಮಾರು ೨ ಸೆಂಟಿಮೀಟರು. ವಯಸ್ಸು, ಧೂಮಪಾನ, ವಂಶಗುಣ ಮೊದಲಾದ ಕಾರಣಗಳಿಂದ ಗೋಡೆಯ ಸತ್ತ್ವ ಕುಂದಿದಾಗ ಆ ಭಾಗ ಹಿಗ್ಗುತ್ತದೆ. ಅಡ್ಡಳತೆ ೩ ಸೆಂಟಿಮೀಟರನ್ನು ಮುಟ್ಟಿದರೆ ಅದನ್ನು ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ನಾವು ಧಮನಿಯುಬ್ಬು ಎನ್ನೋಣ. ಸಾಮಾನ್ಯವಾಗಿ ಇದು ಮೂತ್ರಪಿಂಡಗಳಿಗೆ ಹೋಗುವ ಕವಲುಗಳ ಕೆಳಗೆ ಹುಟ್ಟುತ್ತದೆ. ಹಲವು ವರ್ಷ ಯಾವ ಬಾಧೆಯನ್ನೂ ಕೊಡದೆ ಬೆಳೆದು, ಒಂದು ದಿನ ಒಡೆಯಬಹುದು. ಒಡೆದವರಲ್ಲಿ ಅನೇಕರು ಆಸ್ಪತ್ರೆಯ ಬಾಗಿಲನ್ನು ಕಾಣುವುದೇ ಇಲ್ಲ. ಕಾಣುವವರು ಬದುಕಿ ಬಂದಿರುವುದಕ್ಕೆ ಮುಖ್ಯ ಕಾರಣ, ರಕ್ತವು ಹೊಟ್ಟೆಯ ಪೊಳ್ಳಿನೊಳಕ್ಕೆ ನುಗ್ಗದೆ ಬೆನ್ನಿನ ಕಡೆಯ ಅಂಗಾಂಶಗಳ ನಡುವೆ ಹೆಪ್ಪುಗಟ್ಟಿ ನಿಂತಿರುವುದು, ಮತ್ತು ಇಳಿದ ರಕ್ತದೊತ್ತಡವು ಆ ಹೆಪ್ಪನ್ನು ಕಿತ್ತೊಗೆಯದಿರುವುದು. ಈ ಬಿಡುವು ಅಲ್ಪಕಾಲದ್ದು. ದುರಸ್ತಿಯಾಗದಿದ್ದರೆ ಮರಣ ಬಹುಮಟ್ಟಿಗೆ ನಿಶ್ಚಿತ.

೨

ಈ ರೋಗದ ಮುಂದೆ ಶಸ್ತ್ರವೈದ್ಯವು ಬಹುಕಾಲ ಅಸಹಾಯಕವಾಗಿತ್ತು. ಇಂಗ್ಲೆಂಡಿನ ಆಸ್ಟ್ಲಿ ಕೂಪರ್ ೧೮೧೭ರಲ್ಲಿ ಮಹಾಪಧಮನಿಯನ್ನೇ ದಾರದಿಂದ ಕಟ್ಟಿದನು, ರೋಗಿ ಬದುಕಲಿಲ್ಲ. ಭೌತವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿ ಇಂಥ ಉಬ್ಬು ಕಂಡಾಗ, ೧೯೪೮ರಲ್ಲಿ ರುಡಾಲ್ಫ್ ನಿಸೆನ್ ಅದಕ್ಕೆ ಸೆಲೊಫೇನ್ ಹಾಳೆಯನ್ನು ಸುತ್ತಿದರು. ಹಾಳೆಯ ಕಿರುಕುಳದಿಂದ ಸುತ್ತಲೂ ಗಟ್ಟಿಯಾದ ಪದರ ಬೆಳೆದು ಗೋಡೆಗೆ ಆಸರೆಯಾದೀತೆಂಬುದು ಅಂದಿನ ಆಸೆ. ೧೯೫೫ರ ಏಪ್ರಿಲಿನಲ್ಲಿ ಉಬ್ಬು ಒಡೆಯಿತು. ಐನ್‌ಸ್ಟೈನರು ಶಸ್ತ್ರಕ್ರಿಯೆಯನ್ನು ಒಲ್ಲದೆ ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು. ಆ ವೇಳೆಗೆ ಬೇರೊಂದು ದಾರಿ ತೆರೆದಿತ್ತು. ಪ್ಯಾರಿಸ್ಸಿನ ಶಾರ್ಲ್ ದ್ಯುಬೊ ೧೯೫೧ರಲ್ಲಿ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಮೃತ ವ್ಯಕ್ತಿಯೊಬ್ಬರ ದೇಹದಿಂದ ಪಡೆದ ಧಮನಿಯ ತುಂಡನ್ನು ಅಲ್ಲಿ ಹೊಲಿದಿದ್ದರು. ಮರುವರ್ಷ ಅಮೆರಿಕದ ಆರ್ಥರ್ ವೂರ್‌ಹೀಸ್ ಮತ್ತು ಅವರ ಸಹೋದ್ಯೋಗಿಗಳು ನೇಯ್ದ ಬಟ್ಟೆಯ ನಾಳವೂ ಧಮನಿಯ ಕೆಲಸ ಮಾಡಬಲ್ಲದೆಂದು ತೋರಿಸಿದರು. ಅಲ್ಲಿಂದ ಮುಂದೆ ಡೇಕ್ರಾನ್ ಬಟ್ಟೆಯ ನಾಳವು ರೂಢಿಗೆ ಬಂದಿತು.

ಇದು ತೆರೆದ ಶಸ್ತ್ರಕ್ರಿಯೆ. ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ಸೀಳಿ, ಉಬ್ಬಿನ ಮೇಲುಗಡೆ ಧಮನಿಯನ್ನು ಇಕ್ಕಳದಿಂದ ಹಿಡಿದು, ಬಟ್ಟೆಯ ನಾಳವನ್ನು ಹೊಲಿಯಬೇಕು. ಒಡೆದ ಉಬ್ಬಿನಲ್ಲಿ ಇದರ ಮುಖ್ಯ ಸಂಕಟ ಮೊದಲ ನಿಮಿಷಗಳಲ್ಲೇ ಎದುರಾಗುತ್ತದೆ. ಅರಿವಳಿಕೆಯಿಂದ ಹೊಟ್ಟೆಯ ಸ್ನಾಯುಗಳು ಸಡಿಲವಾಗಿ, ಗೋಡೆ ಸೀಳಿದೊಡನೆ ಹೆಪ್ಪನ್ನು ಒತ್ತಿ ಹಿಡಿದಿದ್ದ ಬಲವೇ ತಪ್ಪಿಹೋಗುತ್ತದೆ. ಇಕ್ಕಳ ಬೀಳುವುದರೊಳಗೆ ರಕ್ತದೊತ್ತಡ ಕುಸಿಯಬಹುದು.

ಎರಡನೆಯದು ಒಳನಾಳ ಶಸ್ತ್ರಕ್ರಿಯೆ. ಅರ್ಜೆಂಟೀನದ ಹ್ವಾನ್ ಪರೋದಿ ೧೯೯೦ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಹೊಟ್ಟೆಯ ಧಮನಿಯುಬ್ಬಿಗೆ ಇದನ್ನು ನಡೆಸಿ ಮರುವರ್ಷ ಪ್ರಕಟಿಸಿದರು. ತೊಡೆಸಂದಿನ ಧಮನಿಯ ಮೂಲಕ, ಮಡಿಸಿಟ್ಟ ನಾಳವನ್ನು ಮೇಲಕ್ಕೆ ತೂರಿಸಿ, ಕ್ಷಕಿರಣದ ನೆರವಿನಿಂದ ತಕ್ಕ ಸ್ಥಾನದಲ್ಲಿ ಅರಳಿಸಿದರೆ, ಲೋಹದ ಜಾಲರಿಯು ನಾಳವನ್ನು ಉಬ್ಬಿನ ಮೇಲಿನ ಆರೋಗ್ಯವಂತ ಭಾಗಕ್ಕೆ ಬಿಗಿಯಾಗಿ ಹಚ್ಚುತ್ತದೆ. ರಕ್ತವು ಹೊಸ ನಾಳದೊಳಗೆ ಹರಿದು, ಒಡೆದ ಗೋಡೆಯ ಮೇಲಿನ ಒತ್ತಡ ನಿಲ್ಲುತ್ತದೆ. ೧೯೯೪ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವೈದ್ಯರು ಒಡೆದ ಉಬ್ಬಿಗೂ ಈ ವಿಧಾನವನ್ನು ಬಳಸಿದ ವರದಿಯನ್ನು ಪ್ರಕಟಿಸಿದರು. ಹೊಟ್ಟೆಯನ್ನು ಸೀಳಬೇಕಾಗಿಲ್ಲ, ಅನೇಕ ವೇಳೆ ಸ್ಥಳೀಯ ಅರಿವಳಿಕೆಯೇ ಸಾಕು, ಹೆಪ್ಪಿನ ಮೇಲಿನ ಒತ್ತು ಕದಲುವುದಿಲ್ಲ. ಆದರೆ ಉಬ್ಬಿಗೂ ಮೂತ್ರಪಿಂಡದ ಕವಲುಗಳಿಗೂ ನಡುವೆ ನಾಳ ಹಿಡಿದು ನಿಲ್ಲಲು ಸಾಕಷ್ಟು ಉದ್ದವಾದ ನೆಟ್ಟನೆಯ ಭಾಗ ಇರಬೇಕು. ಇದನ್ನು ಉಬ್ಬಿನ ಕೊರಳು ಎನ್ನುತ್ತಾರೆ. ಅದನ್ನು ಅಳೆಯಲು ಸಿ.ಟಿ. ಚಿತ್ರ ಬೇಕು; ಬಗೆಬಗೆಯ ಅಳತೆಯ ನಾಳಗಳು ಕೈಯಳವಿನಲ್ಲಿರಬೇಕು; ಅವನ್ನು ಬಳಸಬಲ್ಲ ತಂಡ ಹಗಲಿರುಳು ಸಿದ್ಧವಾಗಿರಬೇಕು.

೩

ಹೊಸ ವಿಧಾನವನ್ನು ಕೈಗೊಂಡ ಆಸ್ಪತ್ರೆಗಳಿಂದ ಮುಂದಿನ ವರ್ಷಗಳಲ್ಲಿ ಬಂದ ವರದಿಗಳು ಬಹಳ ಆಶಾದಾಯಕವಾಗಿದ್ದವು. ಒಳನಾಳ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಸತ್ತವರ ಪಾಲು, ತೆರೆದ ಶಸ್ತ್ರಕ್ರಿಯೆಗೆ ಒಳಗಾದವರ ಪಾಲಿಗಿಂತ ಎಷ್ಟೋ ಕಡಿಮೆಯೆಂದು ಅವು ತೋರಿಸಿದವು. ಅಂಕಿಗಳು ಸುಳ್ಳಲ್ಲ. ಅವುಗಳಿಂದ ಎಳೆದ ತೀರ್ಮಾನವನ್ನು ಮಾತ್ರ ನಾವು ಹಾಗೆಯೇ ಒಪ್ಪುವಂತಿಲ್ಲ.

ಕಾರಣವನ್ನು ವಿವರಿಸೋಣ. ಒಬ್ಬ ರೋಗಿಗೆ ಒಳನಾಳ ಶಸ್ತ್ರಕ್ರಿಯೆ ನಡೆಯಬೇಕಾದರೆ, ಅವನು ಸಿ.ಟಿ. ಚಿತ್ರ ತೆಗೆಯುವವರೆಗೆ ಬದುಕಿರಬೇಕು. ಸಾಮಾನ್ಯವಾಗಿ ಅವನ ರಕ್ತದೊತ್ತಡ ತಕ್ಕಮಟ್ಟಿಗಾದರೂ ನಿಂತಿರಬೇಕು. ಅವನ ಉಬ್ಬಿನ ಕೊರಳು ಅನುಕೂಲವಾಗಿರಬೇಕು. ಈ ಜರಡಿಯಲ್ಲಿ ಉಳಿಯದವರೆಲ್ಲ ತೆರೆದ ಶಸ್ತ್ರಕ್ರಿಯೆಯ ಮೇಜಿನ ಕಡೆಗೆ ಸಾಗುತ್ತಾರೆ. ಹೀಗಿರುವಾಗ ಒಂದು ಗುಂಪಿನಲ್ಲಿ ಬಾಳುವ ಸಂಭವ ಮೊದಲೇ ಹೆಚ್ಚಾಗಿದ್ದವರು ಸೇರಿಕೊಂಡು, ಮತ್ತೊಂದರಲ್ಲಿ ಸಾವಿನ ಅಂಚಿನಲ್ಲಿದ್ದವರು ಸೇರಿಕೊಳ್ಳುವುದು ಅನಿವಾರ್ಯ. ಫಲದ ಅಂತರದಲ್ಲಿ ಎಷ್ಟು ಪಾಲು ಶಸ್ತ್ರಕ್ರಿಯೆಯದು, ಎಷ್ಟು ಪಾಲು ಜರಡಿಯದು ಎಂಬುದನ್ನು ಅಂಥ ವರದಿಯಿಂದ ಬೇರ್ಪಡಿಸಲು ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ರಕ್ತದೊತ್ತಡದ ವಿಷಯ ಹಾಗಿರಲಿ, ಕೊರಳಿನ ಉದ್ದಗಿಡ್ಡವು ಒಳನಾಳ ಶಸ್ತ್ರಕ್ರಿಯೆಗೆ ಮಾತ್ರ ಸಂಬಂಧಿಸಿದ್ದಲ್ಲವೆ, ತೆರೆದ ಶಸ್ತ್ರಕ್ರಿಯೆಗೆ ಅದರಿಂದ ಏನು ಬಾಧಕ ಎಂದು ಕೇಳಬಹುದು. ಈ ಪ್ರಶ್ನೆಗೆ ೨೦೧೫ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಉತ್ತರ ಕೊಟ್ಟಿತು. ಕೊರಳು ಗಿಡ್ಡವಾದಷ್ಟೂ ತೆರೆದ ಶಸ್ತ್ರಕ್ರಿಯೆಯಲ್ಲಿಯೇ ಮರಣ ಹೆಚ್ಚು ಎಂದು ಅದು ತೋರಿಸಿತು. ಯೋಚಿಸಿದರೆ ಇದು ಸಹಜವೇ. ಕೊರಳು ಗಿಡ್ಡವಾಗಿದ್ದರೆ ಇಕ್ಕಳವನ್ನು ಹಾಕಲೂ ಸ್ಥಳವಿಲ್ಲ, ನಾಳವನ್ನು ಹೊಲಿಯಲೂ ಸ್ಥಳವಿಲ್ಲ. ಎಂದರೆ, ಒಳನಾಳ ಶಸ್ತ್ರಕ್ರಿಯೆಗೆ ಯೋಗ್ಯನಾದ ರೋಗಿಯು ತೆರೆದ ಶಸ್ತ್ರಕ್ರಿಯೆಗೂ ಸುಲಭನಾದ ರೋಗಿ. ಮೊದಲನೆಯದಕ್ಕೆ ಅಯೋಗ್ಯನಾದವನು ಎರಡನೆಯದಕ್ಕೂ ಕಠಿಣನಾದವನು. ಹಿಂದಿನ ವರದಿಗಳು ಸುಲಭವಾದವರನ್ನು ಒಂದು ತಟ್ಟೆಯಲ್ಲಿಯೂ ಕಠಿಣವಾದವರನ್ನು ಮತ್ತೊಂದು ತಟ್ಟೆಯಲ್ಲಿಯೂ ಇಟ್ಟು ತೂಗಿದ್ದವು.

೪

ಈ ದೋಷಕ್ಕೆ ವಿಜ್ಞಾನವು ಕಂಡುಕೊಂಡಿರುವ ಪರಿಹಾರವೆಂದರೆ ಯಾದೃಚ್ಛಿಕ ಪ್ರಯೋಗ. ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯನ ಆಯ್ಕೆಗೆ ಬಿಡದೆ, ಚೀಟಿಯೆತ್ತಿದಂತೆ ಆಕಸ್ಮಿಕಕ್ಕೆ ಬಿಡುವುದು ಅದರ ತತ್ತ್ವ. ಒಡೆದ ಧಮನಿಯುಬ್ಬಿನಂಥ ತುರ್ತಿನಲ್ಲಿ ಇದನ್ನು ನಡೆಸುವುದು ಅತ್ಯಂತ ಕಷ್ಟ. ಆದರೂ ನಾಲ್ಕು ಪ್ರಯೋಗಗಳು ನಡೆದವು. ೨೦೦೬ರಲ್ಲಿ ಪ್ರಕಟವಾದ ನಾಟಿಂಗ್‌ಹ್ಯಾಮಿನ ಪ್ರಯೋಗದಲ್ಲಿ ೩೨ ರೋಗಿಗಳಿದ್ದರು. ಆಮ್‌ಸ್ಟರ್‌ಡ್ಯಾಮ್ ಪ್ರದೇಶದ ಅಜಾಕ್ಸ್ ಎಂಬ ಪ್ರಯೋಗದಲ್ಲಿ ೧೧೬, ಫ್ರಾನ್ಸಿನ ಇಕಾರ್ ಎಂಬುದರಲ್ಲಿ ೧೦೭, ಮತ್ತು ಬ್ರಿಟನ್ನಿನ ಆಸ್ಪತ್ರೆಗಳೊಂದಿಗೆ ಕೆನಡದ ಒಂದು ಆಸ್ಪತ್ರೆಯೂ ಸೇರಿದ್ದ ಇಂಪ್ರೂವ್ ಎಂಬುದರಲ್ಲಿ ೬೧೩ ರೋಗಿಗಳಿದ್ದರು. ಒಟ್ಟು ೮೬೮. ಇವನ್ನೆಲ್ಲ ಕೂಡಿಸಿ ನೋಡಿದ ಕಾಕ್ರನ್ ಸಂಸ್ಥೆಯ ೨೦೧೭ರ ಸಮೀಕ್ಷೆಯು, ಮೊದಲ ೩೦ ದಿನಗಳ ಮರಣದಲ್ಲಿ ಎರಡು ವಿಧಾನಗಳ ನಡುವೆ ಸ್ಪಷ್ಟವಾದ ಅಂತರವಿಲ್ಲವೆಂದು ಹೇಳಿತು. ಹಿಂದಿನ ವರದಿಗಳ ದೊಡ್ಡ ಅಂತರವು ಚೀಟಿಯ ಮುಂದೆ ಬಹುಪಾಲು ಕರಗಿಹೋಯಿತು.

ಆದರೆ ವಿಮರ್ಶೆ ಇಲ್ಲಿಗೆ ಮುಗಿಯುವುದಿಲ್ಲ. ನಾಲ್ಕೂ ಯಾದೃಚ್ಛಿಕ ಪ್ರಯೋಗಗಳಾದ ಮಾತ್ರಕ್ಕೆ ನಾಲ್ಕೂ ಒಂದೇ ಪ್ರಶ್ನೆಯನ್ನು ಕೇಳಿದುವೆಂದು ತಿಳಿಯಬಾರದು. ಅಜಾಕ್ಸ್ ಮತ್ತು ಇಕಾರ್ ಪ್ರಯೋಗಗಳಲ್ಲಿ ಮೊದಲು ಸಿ.ಟಿ. ಚಿತ್ರ ತೆಗೆದು, ಎರಡು ವಿಧಾನಗಳಿಗೂ ಯೋಗ್ಯರೆಂದು ಕಂಡವರನ್ನು ಮಾತ್ರ ಹಂಚಿಕೆಗೆ ಸೇರಿಸಿಕೊಂಡರು. ಆಮ್‌ಸ್ಟರ್‌ಡ್ಯಾಮ್ ಪ್ರದೇಶದಲ್ಲಿ ಆ ಅವಧಿಯಲ್ಲಿ ಗುರುತಿಸಲಾದ ರೋಗಿಗಳು ೫೨೦. ಪ್ರಯೋಗಕ್ಕೆ ಸೇರಿದವರು ೧೧೬. ಐವರಲ್ಲಿ ನಾಲ್ವರು ಹೊರಗುಳಿದರು. ಈ ಪ್ರಯೋಗಗಳು ಕೇಳಿದ ಪ್ರಶ್ನೆ, ಎರಡಕ್ಕೂ ಯೋಗ್ಯನಾದ ರೋಗಿಗೆ ಯಾವ ಶಸ್ತ್ರಕ್ರಿಯೆ ಮೇಲು ಎಂಬುದು.

ಇಂಪ್ರೂವ್ ಪ್ರಯೋಗವು ಬೇರೆ ದಾರಿ ಹಿಡಿಯಿತು. ಹಿರಿಯ ವೈದ್ಯನು ಒಡೆದ ಉಬ್ಬೆಂದು ಶಂಕಿಸಿದೊಡನೆ, ಸಿ.ಟಿ. ಚಿತ್ರಕ್ಕೆ ಮೊದಲೇ, ಚೀಟಿಯೆತ್ತಲಾಯಿತು. ಒಂದು ಗುಂಪಿಗೆ ಒಳನಾಳ ಮಾರ್ಗ: ಕೂಡಲೆ ಚಿತ್ರ ತೆಗೆದು, ಯೋಗ್ಯನಾದರೆ ಒಳನಾಳ ಶಸ್ತ್ರಕ್ರಿಯೆ, ಇಲ್ಲವಾದರೆ ತೆರೆದದ್ದು. ಮತ್ತೊಂದು ಗುಂಪಿಗೆ ನೇರವಾಗಿ ತೆರೆದ ಶಸ್ತ್ರಕ್ರಿಯೆ. ಆದ್ದರಿಂದ ೬೧೩ ಮಂದಿಯಲ್ಲಿ ೫೩೬ ಮಂದಿಗೆ ಮಾತ್ರ ಒಡೆದ ಉಬ್ಬು ಇದ್ದುದು ಆಮೇಲೆ ಖಚಿತವಾಯಿತು. ಒಳನಾಳ ಗುಂಪಿನಲ್ಲಿ ಹೀಗೆ ಖಚಿತವಾದವರಲ್ಲೂ ಸುಮಾರು ಶೇಕಡಾ ೬೪ ಮಂದಿಯಷ್ಟೇ ಆ ಶಸ್ತ್ರಕ್ರಿಯೆಗೆ ಯೋಗ್ಯರಾಗಿದ್ದರು. ಇದು ಕಲಬೆರಕೆಯ ಪ್ರಯೋಗವೆಂದು ಕೆಲವರಿಗೆ ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಆ ಕಲಬೆರಕೆಯೇ ಅದರ ಸತ್ತ್ವ. ಏಕೆಂದರೆ ನಡುರಾತ್ರಿ ಬಾಗಿಲಿಗೆ ಬಂದ ರೋಗಿಯ ಹಣೆಯ ಮೇಲೆ ಅವನ ಉಬ್ಬಿನ ಕೊರಳಿನ ಅಳತೆ ಬರೆದಿರುವುದಿಲ್ಲ. ಆಸ್ಪತ್ರೆಯು ನಿರ್ಧರಿಸಬೇಕಾದದ್ದು ಯಾವ ಶಸ್ತ್ರಕ್ರಿಯೆ ಉತ್ತಮ ಎಂಬುದನ್ನಲ್ಲ, ಬಂದವರನ್ನೆಲ್ಲ ಯಾವ ಮಾರ್ಗದಲ್ಲಿ ನಡೆಸುವುದು ಉತ್ತಮ ಎಂಬುದನ್ನು. ಪ್ರಯೋಗವು ಕೇಳಿದ್ದು ಇದನ್ನೇ.

ಪ್ರಶ್ನೆಗಳ ಈ ಭೇದವನ್ನು ಮರೆತರೆ ಮತ್ತೊಂದು ತಪ್ಪಿಗೆ ಬೀಳುತ್ತೇವೆ. ೩೦ ದಿನಗಳ ಮರಣವು ಅಜಾಕ್ಸ್‌ನಲ್ಲಿ ಒಳನಾಳ ಗುಂಪಿಗೆ ಶೇಕಡಾ ೨೧, ತೆರೆದ ಗುಂಪಿಗೆ ೨೫, ಇಕಾರ್‌ನಲ್ಲಿ ೧೮ ಮತ್ತು ೨೪, ಇಂಪ್ರೂವ್‌ನಲ್ಲಿ ೩೫.೪ ಮತ್ತು ೩೭.೪, ನಾಟಿಂಗ್‌ಹ್ಯಾಮಿನಲ್ಲಿ ಎರಡೂ ಕಡೆ ೫೩. ಈ ಸಾಲನ್ನು ಓದಿ ಫ್ರೆಂಚ್ ವೈದ್ಯರು ಆಂಗ್ಲ ವೈದ್ಯರಿಗಿಂತ ಕುಶಲರೆಂದು ಹೇಳುವ ವಿದ್ಯಾರ್ಥಿಯು ಜರಡಿಯ ಕಣ್ಣುಗಳ ಗಾತ್ರವನ್ನು ಮರೆತವನು. ಒಂದೊಂದು ಪ್ರಯೋಗದೊಳಗೆ ಗುಂಪು ಗುಂಪನ್ನು ಹೋಲಿಸುವುದು ನ್ಯಾಯ. ಪ್ರಯೋಗದಿಂದ ಪ್ರಯೋಗಕ್ಕೆ ಅಂಕಿಯನ್ನು ದಾಟಿಸುವುದು ನ್ಯಾಯವಲ್ಲ.

೫

ಇನ್ನು ಕಾಲದ ಪ್ರಶ್ನೆ. ಇಂಪ್ರೂವ್‌ನ ೩೦ ದಿನಗಳ ಫಲವು ೨೦೧೪ರಲ್ಲಿ ಪ್ರಕಟವಾಯಿತು. ಶೇಕಡಾ ೩೫.೪ಕ್ಕೂ ೩೭.೪ಕ್ಕೂ ಇರುವ ಅಂತರ ಕೇವಲ ಆಕಸ್ಮಿಕದಿಂದಲೂ ಬರಬಹುದಾದಷ್ಟು ಚಿಕ್ಕದು. ಹಾಗಾಗಿ ಎರಡೂ ಸಮಾನ, ಹೊಸ ವಿಧಾನಕ್ಕೆ ವೆಚ್ಚಮಾಡುವುದು ವ್ಯರ್ಥ ಎಂದು ತೀರ್ಮಾನಿಸುವುದು ಅಂದು ಸುಲಭವಾಗಿತ್ತು. ಇಲ್ಲಿ ಎರಡು ದೋಷಗಳಿವೆ. ಅಂತರವು ಸಿದ್ಧವಾಗಲಿಲ್ಲ ಎಂಬುದು ಅಂತರವಿಲ್ಲವೆಂಬುದು ಸಿದ್ಧವಾಯಿತು ಎಂಬುದಕ್ಕೆ ಸಮವಲ್ಲ; ಇದು ಮೊದಲನೆಯದು. ಮೂವತ್ತನೆಯ ದಿನಕ್ಕೆ ರೋಗಿಯ ಕಥೆ ಮುಗಿಯುವುದಿಲ್ಲ, ಇದು ಎರಡನೆಯದು.

೨೦೧೭ರಲ್ಲಿ ಪ್ರಕಟವಾದ ಮೂರು ವರ್ಷಗಳ ಫಲವು ಚಿತ್ರವನ್ನು ಬದಲಿಸಿತು. ಮೊದಲ ಮೂರು ತಿಂಗಳು ಎರಡು ಗುಂಪುಗಳೂ ಬಹುಮಟ್ಟಿಗೆ ಸಮವಾಗಿ ಸಾಗಿದುವು. ಆಮೇಲೆ ಮೂರು ವರ್ಷ ತುಂಬುವವರೆಗೆ ಒಳನಾಳ ಗುಂಪಿನಲ್ಲಿ ಸಾವುಗಳು ಕಡಿಮೆಯಾದುವು. ಮೂರು ವರ್ಷದ ಕೊನೆಗೆ ಸತ್ತವರು ಒಳನಾಳ ಗುಂಪಿನಲ್ಲಿ ಶೇಕಡಾ ೪೮, ತೆರೆದ ಗುಂಪಿನಲ್ಲಿ ೫೬. ನೂರು ಮಂದಿಗೆ ಎಂಟು ಮಂದಿಯ ಅಂತರವನ್ನು ಅಲ್ಪವೆನ್ನುವಂತಿಲ್ಲ. ಏಳು ವರ್ಷದ ಹೊತ್ತಿಗೆ ಮತ್ತೆ ಎರಡು ಕಡೆಯೂ ಸುಮಾರು ಶೇಕಡಾ ೬೦ಕ್ಕೆ ಬಂದು ನಿಂತಿತು. ಇವರಲ್ಲಿ ಬಹುಮಂದಿ ವಯೋವೃದ್ಧರು. ಕೊನೆಗೆ ಕಾಲವು ಎಲ್ಲ ಲೆಕ್ಕಗಳನ್ನೂ ಸಮ ಮಾಡುತ್ತದೆ. ಆದರೆ ಲೆಕ್ಕ ಸಮವಾಗುವ ಮುನ್ನ ದೊರೆತ ವರ್ಷಗಳು ಬಾಳಿದವರ ಪಾಲಿಗೆ ನಿಜವಾದ ವರ್ಷಗಳೇ ಆಗಿದ್ದುವು. ಮೂವತ್ತನೆಯ ದಿನ ಮಾತ್ರ ನೋಡಿದವನಿಗೆ ಈ ವರ್ಷಗಳು ಕಾಣಲಿಲ್ಲ. ಏಳನೆಯ ವರ್ಷ ಮಾತ್ರ ನೋಡುವವನಿಗೂ ಅವು ಕಾಣಲಾರವು. ಇಷ್ಟನ್ನು ಹೇಳುವಾಗ, ಮೂರು ವರ್ಷದ ಈ ಅಂತರವೂ ಆಕಸ್ಮಿಕದ ಎಲ್ಲೆಯ ಅಂಚಿನಲ್ಲೇ ನಿಂತಿದೆ ಎಂಬುದನ್ನು ಮರೆಮಾಚುವುದು ಉಚಿತವಲ್ಲ.

ಅಳತೆಗೋಲಿನ ಮಾತೂ ಇದಕ್ಕೆ ಸೇರಿದ್ದೇ. ಸಾವನ್ನು ಎಣಿಸುವುದು ಸುಲಭ, ಬದುಕನ್ನು ಅಳೆಯುವುದು ಕಷ್ಟ. ಇಂಪ್ರೂವ್‌ನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದವರ ಪೈಕಿ ನೇರವಾಗಿ ಸ್ವಂತ ಮನೆಗೆ ಹೋದವರು ಒಳನಾಳ ಗುಂಪಿನಲ್ಲಿ ಶೇಕಡಾ ೯೪, ತೆರೆದ ಗುಂಪಿನಲ್ಲಿ ೭೭. ಉಳಿದವರು ಮತ್ತೊಂದು ಆಸ್ಪತ್ರೆಗೋ ಶುಶ್ರೂಷಾಲಯಕ್ಕೋ ಹೋಗಬೇಕಾಯಿತು. ಮುದುಕನೊಬ್ಬನು ತನ್ನ ಮನೆಯ ಜಗಲಿಗೆ ಹಿಂದಿರುಗುವುದಕ್ಕೂ ಅಪರಿಚಿತ ಹಾಸಿಗೆಗೆ ವರ್ಗವಾಗುವುದಕ್ಕೂ ಇರುವ ವ್ಯತ್ಯಾಸವು ಮರಣದ ಅಂಕಣದಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಮೂರು ವರ್ಷದ ಒಟ್ಟು ವೆಚ್ಚವೂ ಒಳನಾಳ ಗುಂಪಿನಲ್ಲಿ, ನಿರೀಕ್ಷೆಗೆ ವಿರುದ್ಧವಾಗಿ, ತಲೆಗೆ ಸರಾಸರಿ ಸುಮಾರು ೨,೬೦೦ ಪೌಂಡುಗಳಷ್ಟು ಕಡಿಮೆಯಾಯಿತು. ನಾಳದ ಬೆಲೆ ಹೆಚ್ಚಾದರೂ ಆಸ್ಪತ್ರೆಯ ದಿನಗಳು ಕಡಿಮೆಯಾದುದು ಇದಕ್ಕೆ ಕಾರಣ.

೬

ಯಾದೃಚ್ಛಿಕ ಪ್ರಯೋಗದೊಳಗೂ ಹಳೆಯ ದೋಷ ಹಿಂಬಾಗಿಲಿನಿಂದ ನುಸುಳಬಹುದು. ಸ್ಥಳೀಯ ಅರಿವಳಿಕೆಯಲ್ಲೇ ಒಳನಾಳ ಶಸ್ತ್ರಕ್ರಿಯೆ ನಡೆದವರಲ್ಲಿ, ಪೂರ್ಣ ಅರಿವಳಿಕೆಯಲ್ಲಿ ನಡೆದವರಿಗಿಂತ ಮರಣ ಗಣನೀಯವಾಗಿ ಕಡಿಮೆಯಾಗಿದ್ದಿತು. ಈ ಮಾತನ್ನು ಉಪನ್ಯಾಸಗಳಲ್ಲಿ ಪ್ರಯೋಗದಿಂದ ಸಿದ್ಧವಾದ ಸಂಗತಿಯೆಂಬಂತೆ ಎತ್ತಿ ಹೇಳಬಾರದು. ಅರಿವಳಿಕೆಯ ಬಗೆಯನ್ನು ಚೀಟಿಯೆತ್ತಿ ಹಂಚಿರಲಿಲ್ಲ, ವೈದ್ಯರು ಆರಿಸಿದ್ದರು. ಶಾಂತನಾಗಿ ಮಲಗಬಲ್ಲ ರೋಗಿಗೆ ಸ್ಥಳೀಯ ಅರಿವಳಿಕೆ ಸಾಕಾಗುತ್ತದೆ. ಕುಸಿದುಬಿದ್ದವನಿಗೆ, ತಳಮಳಿಸುವವನಿಗೆ ಸಾಕಾಗುವುದಿಲ್ಲ. ಮೂರನೆಯ ಭಾಗದಲ್ಲಿ ನಾವು ಕಂಡ ಜರಡಿಯೇ ಇಲ್ಲಿಯೂ ಇದೆ. ಮೇಲಾಗಿ, ಸ್ಥಳೀಯ ಅರಿವಳಿಕೆಯು ಹೆಪ್ಪಿನ ಮೇಲಿನ ಒತ್ತನ್ನು ಸಡಿಲಿಸುವುದಿಲ್ಲವಾದ್ದರಿಂದ ಈ ಫಲವು ನಿಜವಾಗಿರುವ ಸಂಭವವೂ ಉಂಟು. ಸಂಭವವುಂಟು ಎಂಬುದೇ ಸದ್ಯಕ್ಕೆ ಸಲ್ಲುವ ಮಾತು.

ಸ್ತ್ರೀಯರ ವಿಷಯ ಸ್ವಲ್ಪ ಭಿನ್ನ. ೩೦ ದಿನಗಳಲ್ಲಿ ಸತ್ತ ಸ್ತ್ರೀಯರು ಒಳನಾಳ ಗುಂಪಿನಲ್ಲಿ ಶೇಕಡಾ ೩೭, ತೆರೆದ ಗುಂಪಿನಲ್ಲಿ ೫೭. ಪುರುಷರಲ್ಲಿ ಇಂಥ ಲಾಭ ಕಾಣಲಿಲ್ಲ. ಇಲ್ಲಿ ಹೋಲಿಕೆ ಚೀಟಿಯ ಬಲದ್ದೇ ಆದರೂ, ಪ್ರಯೋಗದಲ್ಲಿ ಸ್ತ್ರೀಯರ ಸಂಖ್ಯೆ ಪುರುಷರದಕ್ಕಿಂತ ಬಹಳ ಕಡಿಮೆ. ಒಟ್ಟು ಸರಾಸರಿಯು ಒಳಗಿನ ಭೇದಗಳನ್ನು ಮುಚ್ಚಬಲ್ಲದು ಎಂಬ ಎಚ್ಚರಿಕೆಯನ್ನೂ, ಚಿಕ್ಕ ಗುಂಪಿನ ದೊಡ್ಡ ಅಂಕಿ ಮರುಪರೀಕ್ಷೆಯನ್ನು ಬೇಡುತ್ತದೆ ಎಂಬ ಎಚ್ಚರಿಕೆಯನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಬ್ರಿಟನ್ನಿನ ನೈಸ್ ಎಂಬ ಆರೋಗ್ಯಸಂಸ್ಥೆಯು ೨೦೨೦ರ ತನ್ನ ಮಾರ್ಗಸೂಚಿಯಲ್ಲಿ ಈ ಬಗೆಯ ವಿವೇಚನೆಯನ್ನು ತೋರಿಸಿದೆ. ಬಹುಮಂದಿಗೆ, ಅದರಲ್ಲೂ ಎಲ್ಲ ವಯಸ್ಸಿನ ಸ್ತ್ರೀಯರಿಗೆ ಮತ್ತು ೭೦ ಮೀರಿದ ಪುರುಷರಿಗೆ, ಒಳನಾಳ ವಿಧಾನ ಹೆಚ್ಚು ಹಿತಕರ. ೭೦ಕ್ಕೆ ಒಳಗಿನ ಪುರುಷರಿಗೆ ತೆರೆದ ಶಸ್ತ್ರಕ್ರಿಯೆ ಹೆಚ್ಚು ಹಿತಕರವಾದೀತು ಎಂದು ಅದು ಹೇಳುತ್ತದೆ. ಯಾವುದು ಮೇಲು ಎಂಬ ಪ್ರಶ್ನೆಯು ಇಲ್ಲಿ ಯಾರಿಗೆ ಯಾವುದು ಮೇಲು ಎಂದು ರೂಪಾಂತರ ಹೊಂದಿರುವುದನ್ನು ವಾಚಕರು ಗಮನಿಸಬೇಕು.

ಅಜಾಕ್ಸ್ ಪ್ರಯೋಗದ ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾಗದು. ಅಲ್ಲಿ ತೆರೆದ ಶಸ್ತ್ರಕ್ರಿಯೆಯ ಮರಣವೇ ಮೊದಲು ಎಣಿಸಿದ್ದಕ್ಕಿಂತ ಕಡಿಮೆಯಾಯಿತು. ಆಯ್ದ ರೋಗಿಗಳೆಂಬುದು ಒಂದು ಕಾರಣವಾದರೆ, ಇಂಥ ರೋಗಿಗಳನ್ನು ಅನುಭವವುಳ್ಳ ಕೆಲವೇ ಆಸ್ಪತ್ರೆಗಳಿಗೆ ಸಾಗಿಸುವ ವ್ಯವಸ್ಥೆ, ಶಸ್ತ್ರಕ್ರಿಯೆಗೆ ಮೊದಲೇ ತೆಗೆದ ಸಿ.ಟಿ. ಚಿತ್ರ ಇವು ಇತರ ಕಾರಣಗಳೆಂದು ಆ ಪ್ರಯೋಗವನ್ನು ನಡೆಸಿದವರು ಸೂಚಿಸಿದರು. ಹೊಸ ವಿಧಾನಕ್ಕಾಗಿ ಕಟ್ಟಿದ ವ್ಯವಸ್ಥೆಯಿಂದ ಹಳೆಯ ವಿಧಾನಕ್ಕೂ ಲಾಭವಾದಂತಾಯಿತು. ಎರಡು ಶಸ್ತ್ರಕ್ರಿಯೆಗಳ ಸ್ಪರ್ಧೆಯನ್ನು ನೋಡುತ್ತ ಕುಳಿತವರು, ಅವೆರಡನ್ನೂ ಹೊತ್ತು ನಿಂತ ನೆಲವನ್ನು ಮರೆಯಬಾರದು. ಈ ಕಾರಣದಿಂದಲೇ ಇಂಗ್ಲೆಂಡ್, ಹಾಲೆಂಡ್, ಫ್ರಾನ್ಸ್ ದೇಶಗಳ ಅಂಕಿಗಳನ್ನು, ದೂರ, ವಾಹನ, ಉಪಕರಣ, ತಂಡ ಎಲ್ಲವೂ ಬೇರೆಯಾದ ಮತ್ತೊಂದು ನಾಡಿಗೆ ಯಥಾವತ್ತಾಗಿ ಸಾಗಿಸುವುದು ಸಲ್ಲದು. ಆ ಪ್ರಯೋಗಗಳು ಪರೀಕ್ಷಿಸಿದ್ದು ಎರಡು ತಂಡಗಳೂ ಎಚ್ಚತ್ತು ಕುಳಿತಿರುವ ಆಸ್ಪತ್ರೆಗಳಲ್ಲಿ.

೭

ಇಷ್ಟರಿಂದ ಸಿದ್ಧವಾಗುವುದೇನು? ಒಳನಾಳ ವಿಧಾನವು ಮೊದಲ ವರದಿಗಳು ಸಾರಿದಷ್ಟು ಅದ್ಭುತವೂ ಅಲ್ಲ, ೨೦೧೪ರ ಅಂಕಿಯನ್ನು ಅವಸರದಿಂದ ಓದಿದವರು ತಿಳಿದಷ್ಟು ನಿಷ್ಫಲವೂ ಅಲ್ಲ. ಅದರ ಲಾಭವು ಮಿತವಾದದ್ದು, ನಿಧಾನವಾಗಿ ಪ್ರಕಟವಾಗುವಂಥದು, ಎಲ್ಲರಿಗೂ ಸಮನಾಗಿ ಹಂಚದಂಥದು. ಆದರೂ ಅದು ಲಾಭವೇ. ಮೊದಲ ಅತ್ಯುತ್ಸಾಹಕ್ಕೆ ಜರಡಿಯ ವಿಸ್ಮೃತಿ ಕಾರಣವಾಯಿತು, ಆಮೇಲಿನ ನಿರುತ್ಸಾಹಕ್ಕೆ ಕಾಲದ ವಿಸ್ಮೃತಿ. ಎರಡರಲ್ಲಿಯೂ ತಪ್ಪಿದ್ದು ಅಂಕಿಯಲ್ಲ, ಅಂಕಿಯ ಹಿಂದೆ ಯಾವ ಪ್ರಶ್ನೆಯಿತ್ತೆಂಬುದನ್ನು ಕೇಳದ ಓದು.

ಕಾಲೇಜುಗಳಲ್ಲಿ ವಿಜ್ಞಾನವನ್ನು ಬೋಧಿಸುವವರು ವಿದ್ಯಾರ್ಥಿಗಳಿಗೆ ಪ್ರಯೋಗಗಳ ಫಲಿತಾಂಶವನ್ನು ಕಲಿಸುವುದರ ಜೊತೆಗೆ, ಪ್ರತಿ ಫಲಿತಾಂಶವನ್ನೂ ಯಾರಲ್ಲಿ, ಎಷ್ಟು ಕಾಲ, ಯಾವುದನ್ನು ಎಣಿಸಿ ಪಡೆದದ್ದು ಎಂದು ಕೇಳುವ ಅಭ್ಯಾಸವನ್ನೂ ಕಲಿಸಬೇಕೆಂಬುದು ನಮ್ಮ ಅಭಿಮತ. ಶಸ್ತ್ರವೈದ್ಯನ ಮೇಜಿನ ಮೇಲೆ ಮಲಗಿದವನಿಗೆ ಆ ಪ್ರಶ್ನೆಗಳನ್ನು ಕೇಳಲು ಬಿಡುವಿರುವುದಿಲ್ಲ. ಅವನ ಪರವಾಗಿ ಮೊದಲೇ ಕೇಳಿಟ್ಟಿರುವುದು ವಿದ್ವಾಂಸರಿಗೆ ಸೇರಿದ ಕರ್ತವ್ಯ.